ರೈಲುಕಂಬಿಯ ಸಂದು

ಬೆಂಗಳೂರಿಗೂ ಮೈಸೂರಿಗೂ ನಡುವೆ ಮೀಟರ್‌ಗೇಜ್ ಗಾಡಿ ಓಡುತ್ತಿದ್ದ ಕಾಲದಲ್ಲಿ ಪ್ರಯಾಣ ಮಾಡಿದವರ ಕಿವಿಯಲ್ಲಿ ಒಂದು ತಾಳ ಇಂದಿಗೂ ಉಳಿದಿರಬೇಕು. ಗಾಡಿ ಪಾಂಡವಪುರವನ್ನು ಬಿಟ್ಟು ಶ್ರೀರಂಗಪಟ್ಟಣದ ಕಡೆಗೆ ವೇಗವನ್ನು ಹಿಡಿಯುತ್ತಿದ್ದಂತೆ ಕಾಲ ಕೆಳಗಿನಿಂದ 'ಟಕಟಕ್, ಟಕಟಕ್' ಎಂಬ ಸದ್ದು ಏಳುತ್ತಿತ್ತು. ಬಾಲ್ಯದಲ್ಲಿ ನಮಗೆ ಹಿರಿಯರೊಬ್ಬರು ಒಂದು ಲೆಕ್ಕವನ್ನು ಹೇಳಿಕೊಟ್ಟಿದ್ದರು. ಕೈಗಡಿಯಾರವನ್ನು ಹಿಡಿದುಕೊಂಡು ೪೩ ಸೆಕೆಂಡುಗಳಲ್ಲಿ ಆ ಜೋಡಿಪೆಟ್ಟು ಎಷ್ಟು ಬಾರಿ ಕೇಳಿಸಿತೆಂದು ಎಣಿಸಬೇಕು. ಐವತ್ತು ಬಾರಿ ಕೇಳಿಸಿದರೆ ಗಾಡಿಯ ವೇಗ ಗಂಟೆಗೆ ಐವತ್ತು ಕಿಲೋಮೀಟರು. ಇದರಲ್ಲಿ ಮಂತ್ರವೇನೂ ಇಲ್ಲ. ಮೀಟರ್‌ಗೇಜಿನ ಒಂದೊಂದು ಕಂಬಿಯ ಉದ್ದ ೧೨ ಮೀಟರು. ಐವತ್ತು ಕಂಬಿಗಳೆಂದರೆ ೬೦೦ ಮೀಟರು. ೪೩ ಸೆಕೆಂಡಿಗೆ ೬೦೦ ಮೀಟರಾದರೆ ಗಂಟೆಗೆ ಎಷ್ಟಾಯಿತೆಂಬುದನ್ನು ಶ್ರೋತೃಗಳೇ ಗುಣಿಸಿ ನೋಡಬಹುದು.

ಮಕ್ಕಳಿಗೆ ಆಟವಾಗಿದ್ದ ಈ ಸದ್ದು ರೈಲ್ವೆ ಎಂಜಿನಿಯರಿಗೆ ಮಾತ್ರ ಎಂದೂ ಹಿತವಾಗಿ ಕೇಳಿಸಿದ್ದಿಲ್ಲ. ಅದು ಎರಡು ಕಂಬಿಗಳು ಕೂಡುವ ಸಂದಿನ ಮೇಲೆ ಚಕ್ರ ಬಿದ್ದ ಪೆಟ್ಟು. ಒಂದು ಕಂಬಿಯ ತುದಿಯಿಂದ ಚಕ್ರವು ಕೂದಲೆಳೆಯಷ್ಟು ಕೆಳಕ್ಕಿಳಿದು ಮುಂದಿನ ಕಂಬಿಯ ತುದಿಗೆ ಬಡಿಯುತ್ತದೆ. ಇಳಿತ ಅತ್ಯಲ್ಪವಾದರೂ ಇಳಿಯುವ ಭಾರ ಹಲವು ಟನ್ನುಗಳದು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು ೧೩೮ ಕಿಲೋಮೀಟರು; ಕಂಬಿ ೧೨ ಮೀಟರಿನದೆಂದು ಲೆಕ್ಕ ಹಿಡಿದರೆ ಎರಡು ಸಾಲಿಗೂ ಸೇರಿ ೨೩,೦೦೦ ಸಂದುಗಳು, ಸಂದಿಗೆ ನಾಲ್ಕರಂತೆ ೯೨,೦೦೦ ಬೋಲ್ಟುಗಳು. ಇವುಗಳಲ್ಲಿ ಯಾವುದೊಂದು ಸಡಿಲವಾದರೂ ಯಾರಾದರೊಬ್ಬರು ನಡೆದು ಹೋಗಿ ಅದನ್ನು ಕಣ್ಣಿನಿಂದ ಕಂಡು ಕೈಯಿಂದ ಬಿಗಿಯಬೇಕು.

ನಾವು ಈ ದಿನ ಹೇಳಲು ಹೊರಟಿರುವುದು ಈ ಸಂದನ್ನು ಬಲಪಡಿಸಲು ನಡೆದ ಪ್ರಯತ್ನದ ಸಂಗತಿ. ಇದಕ್ಕೆ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಒಳ್ಳೆಯ ಪಾಠಶಾಲೆಯಾಗಿವೆ. ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ಹಳೆಯ ಮಾರ್ಗವು ಪಾಂಡವಪುರ, ಶ್ರೀರಂಗಪಟ್ಟಣಗಳ ಮೂಲಕ ಹಾಯುತ್ತದೆ. ೧೯೧೮ರ ಹೊತ್ತಿಗೆ ಸಿದ್ಧವಾದ ಮೈಸೂರು–ಅರಸೀಕೆರೆ ಮಾರ್ಗವು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳಲ್ಲಿ ನಿಲ್ಲುತ್ತದೆ. ೨೦೧೭ರಲ್ಲಿ ಪೂರ್ತಿಯಾಗಿ ತೆರೆದ ಬೆಂಗಳೂರು–ಹಾಸನ ಮಾರ್ಗವು ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರವನ್ನು ಮುಟ್ಟಿ ಹೋಗುತ್ತದೆ. ಮೊದಲನೆಯ ಎರಡು ಮಾರ್ಗಗಳು ಹುಟ್ಟಿದ್ದು ಬೋಲ್ಟು ಹಾಕಿದ ಸಂದಿನೊಡನೆ. ಮೂರನೆಯದು ಹುಟ್ಟುವಾಗಲೇ ಬೆಸೆದ ಕಂಬಿಯೊಡನೆ.

ಒಂದು ವರ್ಷ ನಾವು ನಮ್ಮ ತರಗತಿಯ ವಿದ್ಯಾರ್ಥಿಗಳನ್ನು ಅಕ್ಕಿಹೆಬ್ಬಾಳಿಗೆ ಕರೆದುಕೊಂಡು ಹೋಗಿ, ನಿಲ್ದಾಣದ ಬದಿಯಲ್ಲಿ ನಿಲ್ಲಿಸಿ, ಅವರ ಮುಂದೆ ಒಂದು ಸಮಸ್ಯೆಯನ್ನು ಇಟ್ಟೆವು: ಬೋಲ್ಟು ಹಾಕಿದ ಸಂದನ್ನು ಈಗಿರುವುದಕ್ಕಿಂತ ಗಟ್ಟಿಮುಟ್ಟಾಗಿ ರಚಿಸುವುದು ಹೇಗೆ? ಒಂದು ವಾರದ ಅವಧಿ ಕೊಟ್ಟಿದ್ದೆವು. ಬಂದ ಉತ್ತರಗಳನ್ನು ನೋಡಿ ನಮಗೆ ಸೋಜಿಗವಾಯಿತು. ಒಬ್ಬರನ್ನೊಬ್ಬರು ಕೇಳದೆ ಬರೆದ ಆ ಹುಡುಗರು, ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ನಡೆದ ಹಾದಿಯಲ್ಲೇ ನಡೆದಿದ್ದರು. ಅವರು ಎಡವಿದ ಕಲ್ಲನ್ನೇ ಇವರೂ ಎಡವಿದ್ದರು.

ಮೊದಲು ಈಗಿನ ಸಂದು ಎಂತಹುದೆಂದು ಹೇಳಬೇಕು. ಕಂಬಿಗೆ ಮೇಲೆ ದಪ್ಪ ತಲೆ, ನಡುವೆ ತೆಳುವಾದ ಗೋಡೆ, ಕೆಳಗೆ ಅಗಲವಾದ ಪಾದ. ಎರಡು ಕಂಬಿಗಳ ತುದಿಯನ್ನು ಎದುರುಬದುರಾಗಿಟ್ಟು, ಗೋಡೆಯ ಎರಡು ಮಗ್ಗುಲಿಗೂ ಒಂದೊಂದು ಉಕ್ಕಿನ ಪಟ್ಟಿಯನ್ನು ಹಚ್ಚಿ, ನಾಲ್ಕು ಬೋಲ್ಟುಗಳಿಂದ ಬಿಗಿಯುತ್ತಾರೆ. ಈ ಪಟ್ಟಿಗೆ ಫಿಶ್‌ಪ್ಲೇಟೆಂದು ಹೆಸರು. ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಬಿರುಕು ಬಿಟ್ಟ ಹಡಗಿನ ಕಂಬಕ್ಕೆ ಮಗ್ಗುಲಲ್ಲಿ ಮರದ ಪಟ್ಟಿಯನ್ನು ಕಟ್ಟಿ ಬಲಪಡಿಸುವುದನ್ನು ಆಂಗ್ಲ ನಾವಿಕರು ಆ ಶಬ್ದದಿಂದ ಕರೆಯುತ್ತಿದ್ದರು. ವಿಲಿಯಂ ಬ್ರಿಡ್ಜಸ್ ಆಡಮ್ಸ್ ಎಂಬಾತನು ೧೮೪೭ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಅದಕ್ಕೆ ಮುಂಚೆ ಎರಡು ಕಂಬಿಗಳ ತುದಿಗಳು ಎರಕದ ಕಬ್ಬಿಣದ ಒಂದು ಪೀಠದಲ್ಲಿ ಸುಮ್ಮನೆ ಅಕ್ಕಪಕ್ಕ ಕುಳಿತಿರುತ್ತಿದ್ದವು. ಫಿಶ್‌ಪ್ಲೇಟಿನ ಜಾಣತನವು ಅದರ ಬೋಲ್ಟಿನಲ್ಲಿ ಇಲ್ಲ, ಅದರ ಅಂಚಿನಲ್ಲಿದೆ. ಅದು ಕಂಬಿಯ ಗೋಡೆಯನ್ನು ಮುಟ್ಟುವುದೇ ಇಲ್ಲ. ತಲೆಯ ಕೆಳಭಾಗಕ್ಕೂ ಪಾದದ ಮೇಲ್ಭಾಗಕ್ಕೂ ಇರುವ ಇಳಿಜಾರಿನ ನಡುವೆ ಬೆಣೆಯಂತೆ ಕೂರುತ್ತದೆ. ಬೋಲ್ಟನ್ನು ಬಿಗಿದಷ್ಟೂ ಬೆಣೆ ಒಳಕ್ಕೆ ಹೋಗುತ್ತದೆ. ಅಂಚು ಸವೆದು ಬೆಣೆಯು ಗೋಡೆಗೆ ತಾಗಿತೆಂದರೆ, ಆಮೇಲೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಸಲಹೆ ಪಟ್ಟಿಯನ್ನು ದಪ್ಪ ಮಾಡಬೇಕೆಂಬುದು. ಸರಿಯೆ, ಆದರೆ ತೊಲೆ ಬಾಗದಿರುವುದು ಅದರ ದಪ್ಪದಿಂದಲ್ಲ, ಎತ್ತರದಿಂದ. ಅಡ್ಡಲಾಗಿಟ್ಟ ಹಲಗೆ ಬಾಗುತ್ತದೆ, ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಬಾಗದು. ಫಿಶ್‌ಪ್ಲೇಟಿನ ಎತ್ತರವಾದರೋ ಕಂಬಿಯ ತಲೆ ಪಾದಗಳ ನಡುವಣ ಅವಕಾಶಕ್ಕೆ ಕಟ್ಟುಬಿದ್ದಿದೆ. ಮೇಲೆ ಏರಿಸಿದರೆ ಚಕ್ರದ ಅಂಚು ತಾಗುತ್ತದೆ. ಕೆಳಗೆ ಇಳಿಸಿ, ಪಾದವನ್ನು ದಾಟಿ ಜೋತುಬೀಳುವಂತೆ ಮಾಡಿದ ಪಟ್ಟಿಗಳೂ ಉಂಟು. ಅವು ಬಲವಾದವೇ, ಆದರೆ ಸ್ಲೀಪರಿಗೂ ಜಲ್ಲಿ ತುಂಬುವ ಕೆಲಸಕ್ಕೂ ಅಡ್ಡಿಯಾಗುತ್ತವೆ. ಆದ್ದರಿಂದ ಎರಡು ಪಟ್ಟಿ ಸೇರಿದರೂ ಸಂದಿನ ಬಿಗುವು ಕಂಬಿಯ ಬಿಗುವಿಗೆ ಬಹಳ ಕಡಿಮೆ.

ಬೋಲ್ಟುಗಳನ್ನು ಹೆಚ್ಚಿಸೋಣವೆಂದರೆ ಒಂದೊಂದು ಬೋಲ್ಟಿಗೂ ಕಂಬಿಯಲ್ಲಿ ಒಂದೊಂದು ತೂತು ಕೊರೆಯಬೇಕು. ಪೆಟ್ಟು ಬೀಳುವ ತಾವಿನಲ್ಲೇ ತೂತು. ತೂತಿನ ಅಂಚಿನಿಂದ ನಕ್ಷತ್ರದ ಕಿರಣದಂತೆ ಬಿರುಕು ಹೊರಡುತ್ತದೆ. ಸಂದಿನ ಕೆಳಕ್ಕೆ ನೇರವಾಗಿ ಒಂದು ಸ್ಲೀಪರನ್ನು ಇಟ್ಟು ಆಸರೆ ಕೊಡೋಣವೆಂದು ಒಬ್ಬಳು ಬರೆದಿದ್ದಳು. ಇದನ್ನೂ ಹಿಂದೆ ಮಾಡಿ ನೋಡಿದ್ದಾರೆ. ಚಕ್ರವು ಒಂದು ತುದಿಯಿಂದ ಇನ್ನೊಂದಕ್ಕೆ ದಾಟುವಾಗ ಆ ಸ್ಲೀಪರು ಒಮ್ಮೆ ಇತ್ತ ಒಮ್ಮೆ ಅತ್ತ ತೂಗಿ, ತನ್ನ ಕೆಳಗಿನ ಜಲ್ಲಿಯನ್ನು ತಾನೇ ಪುಡಿ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಸಂದನ್ನು ಎರಡು ಸ್ಲೀಪರುಗಳ ನಡುವೆ ತೂಗುಬಿಟ್ಟು, ಆ ಎರಡನ್ನು ಮಿಕ್ಕವುಗಳಿಗಿಂತ ಹತ್ತಿರ ಇಡುವ ಪದ್ಧತಿ ನೆಲೆಗೊಂಡಿತು. ಬಡಗಿಯು ತೊಲೆಗಳನ್ನು ಕೂಡಿಸುವಂತೆ ತುದಿಗಳನ್ನು ಓರೆಯಾಗಿ ಸೀಳಿ ಒಂದರ ಮೇಲೊಂದು ಕೂರಿಸಬಹುದೆಂಬುದು ಮತ್ತೊಂದು ಸಲಹೆ. ನೋಡುವುದಕ್ಕೆ ಅದು ಬಹು ಚೆನ್ನ. ಚಕ್ರಕ್ಕೆ ಅಂತರವೇ ಸಿಗದು. ಆದರೆ ಓರೆಯ ತುದಿ ತೆಳುವಾಗಿರುವುದರಿಂದ ಪೆಟ್ಟಿಗೆ ಬೇಗ ಮುರಿಯುತ್ತದೆ. ಈ ಓರೆಸಂದು ಸಾಮಾನ್ಯ ಸ್ಥಳಗಳಲ್ಲಿ ಉಳಿಯಲಿಲ್ಲ, ಆದರೆ ಸತ್ತೂ ಹೋಗಲಿಲ್ಲ. ಅದನ್ನು ಮುಂದೆ ಮತ್ತೆ ಕಾಣುವೆವು.

ಇಷ್ಟೂ ಉತ್ತರಗಳು ಒಂದು ಸಂಗತಿಯನ್ನು ಮರೆತಿದ್ದವು. ಸಂದು ಬಲವಾಗಿದ್ದರೆ ಸಾಲದು, ಅದು ಸರಿಯಲೂ ಬೇಕು. ಮಂಡ್ಯದ ಸೀಮೆಯಲ್ಲಿ ಪುಷ್ಯಮಾಸದ ಬೆಳಗಿನ ಜಾವ ಕಂಬಿಯ ತಾಪ ೧೫ ಡಿಗ್ರಿಗೆ ಇಳಿಯಬಹುದು. ಚೈತ್ರದ ನಡುಹಗಲಿನಲ್ಲಿ ಕಂಬಿಯು ಗಾಳಿಗಿಂತ ಬಹಳ ಹೆಚ್ಚು ಕಾದು ೬೦ ಡಿಗ್ರಿಯ ಹತ್ತಿರ ಬರಬಹುದು. ಈ ೪೫ ಡಿಗ್ರಿಗಳ ಅಂತರದಲ್ಲಿ ೧೨ ಮೀಟರಿನ ಕಂಬಿಯು ೬ ಮಿಲಿಮೀಟರಿಗೆ ತುಸು ಹೆಚ್ಚಾಗಿ ಉದ್ದವಾಗುತ್ತದೆ. ಇಷ್ಟಕ್ಕೆ ಎಡೆಗೊಡದಿದ್ದರೆ ಮಾರ್ಗವೇ ಸೊಟ್ಟಗಾಗುವುದು. ಆದಕಾರಣ ತುದಿಗಳ ನಡುವೆ ಅಂತರ. ಬೋಲ್ಟಿಗಿಂತ ದೊಡ್ಡದಾದ ತೂತು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಫಿಶ್‌ಪ್ಲೇಟುಗಳನ್ನು ಬಿಚ್ಚಿ ಗ್ರಾಫೈಟು ಬೆರೆಸಿದ ಎಣ್ಣೆಯನ್ನು ಬಳಿದು ಮತ್ತೆ ಬಿಗಿಯುವ ಕೆಲಸ. ತುಕ್ಕು ಹಿಡಿದು ಸಂದು ಜಡವಾದರೆ ಒಂದು ಕಡೆ ಅಂತರ ಮುಚ್ಚಿಯೇ ಇರುವುದು, ಇನ್ನೊಂದು ಕಡೆ ಅದು ಬಾಯಿ ತೆರೆಯುವುದು. ಹೀಗೆ ನಮ್ಮ ಸಂದಿಗೆ ಇಬ್ಬರು ಯಜಮಾನರು. ಚಕ್ರವು 'ಅಲುಗಾಡಬೇಡ' ಎನ್ನುತ್ತದೆ. ಬಿಸಿಲು 'ಸರಿದು ನಿಲ್ಲು' ಎನ್ನುತ್ತದೆ. ಇಬ್ಬರಿಗೂ ಪೂರ್ತಿಯಾಗಿ ಒಪ್ಪುವ ಬೋಲ್ಟುಸಂದನ್ನು ಇದುವರೆಗೆ ಯಾರೂ ರಚಿಸಿಲ್ಲ.

ಹಾಗಾದರೆ ಸಂದೇ ಇಲ್ಲದಂತೆ ಕಂಬಿಗಳನ್ನು ಬೆಸೆದುಬಿಟ್ಟರೆ? ಈ ಯೋಚನೆಗೆ ಹಳೆಯ ಎಂಜಿನಿಯರುಗಳು ಹೆದರುತ್ತಿದ್ದುದು ಸಹಜವೇ. ಒಂದು ಕಿಲೋಮೀಟರಿನ ಕಂಬಿಯನ್ನು ಅದರ ಪಾಡಿಗೆ ಬಿಟ್ಟರೆ ಅದೇ ೪೫ ಡಿಗ್ರಿಗೆ ಅರ್ಧ ಮೀಟರಿಗೂ ಮಿಕ್ಕು ಬೆಳೆಯುತ್ತದೆ. ಅಷ್ಟನ್ನು ಎಲ್ಲಿ ಇಡುವುದು? ನಾವು ತರಗತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದಾಗ, ಕೃಷ್ಣರಾಜಪೇಟೆಯ ಕಡೆಯ ಒಬ್ಬ ಹುಡುಗ, ಕಮ್ಮಾರಿಕೆಯ ಮನೆತನದವನು, ಮೆಲ್ಲಗೆ ಎದ್ದು, "ಸಾರ್, ನಮ್ಮ ತಾತ ಗಾಡಿಗೆ ಹಳಿ ಹಾಕುವಾಗ ಅದನ್ನು ಎಲ್ಲಿಯೂ ಇಡುತ್ತಿರಲಿಲ್ಲ" ಎಂದನು. ತರಗತಿ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಪುಸ್ತಕಗಳಲ್ಲಿ ಹತ್ತು ಪುಟ ಹಿಡಿಯುವ ವಿಷಯವನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿದ್ದನು.

ನಮ್ಮ ಸೀಮೆಯಲ್ಲಿ ರೈಲಿನ ಕಂಬಿಗೂ ಹಳಿಯೆನ್ನುತ್ತಾರೆ, ಎತ್ತಿನ ಗಾಡಿಯ ಚಕ್ರದ ಸುತ್ತಣ ಕಬ್ಬಿಣದ ಪಟ್ಟಿಗೂ ಹಳಿಯೆನ್ನುತ್ತಾರೆ. ಕಮ್ಮಾರನು ಹಳಿಯನ್ನು ಚಕ್ರಕ್ಕಿಂತ ತುಸು ಕಿರಿದಾಗಿಯೇ ಮಾಡುತ್ತಾನೆ. ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಅದು ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರನ್ನು ಸುರಿಯುತ್ತಾನೆ. ತಣ್ಣಗಾದ ಹಳಿ ಕುಗ್ಗಲು ಬಯಸುತ್ತದೆ, ಮರದ ಚಕ್ರ ಬಿಡುವುದಿಲ್ಲ. ಕುಗ್ಗಲಾರದ ಆ ಬಯಕೆಯೇ ಬಿಗಿತವಾಗಿ ಹಳಿಯ ಒಳಗೆ ಉಳಿಯುತ್ತದೆ. ಅಂದರೆ, ಲೋಹವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಚಲನೆಯ ಬದಲಿಗೆ ಒಳಗೆ ಒತ್ತಡವೋ ಸೆಳೆತವೋ ಹುಟ್ಟುತ್ತದೆ. ಇದರಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೇನೆಂದರೆ, ಹಾಗೆ ಹುಟ್ಟುವ ಬಲವು ಕಂಬಿಯ ಉದ್ದವನ್ನು ಅವಲಂಬಿಸಿಲ್ಲ. ಕಂಬಿ ಹತ್ತು ಮೀಟರಿನದಾಗಲಿ, ಹತ್ತು ಕಿಲೋಮೀಟರಿನದಾಗಲಿ, ಒಂದು ಡಿಗ್ರಿಗೆ ಹುಟ್ಟುವ ಬಲ ಒಂದೇ. ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಇಂದಿನ ಕಂಬಿಗೆ ಅದು ಸುಮಾರು ೧.೯ ಟನ್. ಮೂವತ್ತು ಡಿಗ್ರಿ ಬದಲಾದರೆ ೫೭ ಟನ್. ಅಂಬಾರಿಯ ಆನೆಯೊಂದು ಐದು ಟನ್ ತೂಗುವುದಾದರೆ ಹನ್ನೊಂದು ಆನೆಗಳ ಭಾರಕ್ಕೂ ಮಿಕ್ಕಿದ್ದು. ಕೇಳುವುದಕ್ಕೆ ಭಯಂಕರವಾದರೂ ಉಕ್ಕು ತಾಳಬಲ್ಲ ಬಲಕ್ಕೆ ಇದು ಬಹಳ ಕಡಿಮೆ. ಸಮಸ್ಯೆ ಉಕ್ಕಿನದಲ್ಲ, ಅದನ್ನು ಹಿಡಿದುಕೊಳ್ಳುವವರದು.

ಗಾಡಿಯ ಹಳಿಯನ್ನು ಹಿಡಿಯುವುದಕ್ಕೆ ಚಕ್ರವುಂಟು. ರೈಲಿನ ಹಳಿಯನ್ನು ಹಿಡಿಯುವುದಕ್ಕೆ ಏನುಂಟು? ಮರದ ಸ್ಲೀಪರಿಗೆ ಮೊಳೆ ಹೊಡೆದ ಕಾಲದಲ್ಲಿ ಏನೂ ಇರಲಿಲ್ಲವೆಂದೇ ಹೇಳಬೇಕು. ಇಂದು ಒಂದೊಂದು ಕಾಂಕ್ರೀಟು ಸ್ಲೀಪರೂ ಕಾಲು ಟನ್ನಿಗೂ ಹೆಚ್ಚು ತೂಗುತ್ತದೆ. ಸುಮಾರು ಅರುವತ್ತು ಸೆಂಟಿಮೀಟರಿಗೆ ಒಂದರಂತೆ ಕಿಲೋಮೀಟರಿಗೆ ೧,೬೬೦ ಸ್ಲೀಪರುಗಳನ್ನು ಹಾಸುತ್ತಾರೆ. ಸುರುಳಿಯಂತೆ ಬಗ್ಗಿಸಿದ ಉಕ್ಕಿನ ಕ್ಲಿಪ್ಪುಗಳು ಒಂದು ಟನ್ನಿನ ಆಸುಪಾಸಿನ ಬಲದಿಂದ ಕಂಬಿಯ ಪಾದವನ್ನು ಒತ್ತಿ ಹಿಡಿಯುತ್ತವೆ. ಸ್ಲೀಪರಿನ ಸುತ್ತಲೂ, ತುದಿಗಳಾಚೆಗೂ ತುಂಬಿದ ಜಲ್ಲಿಯು ಸ್ಲೀಪರನ್ನು ಹಿಡಿಯುತ್ತದೆ. ಹೀಗೆ ಹಿಡಿದ ಕಂಬಿಯಲ್ಲಿ ಎರಡು ತುದಿಗಳ ಸುಮಾರು ನೂರು ನೂರು ಮೀಟರು ಮಾತ್ರ ಉಸಿರಾಡುತ್ತದೆ. ನಡುಭಾಗ, ಅದು ಎಷ್ಟೇ ಉದ್ದವಿರಲಿ, ಚಳಿಗೂ ಬಿಸಿಲಿಗೂ ಕದಲುವುದಿಲ್ಲ.

ಇನ್ನು ಬೆಸುಗೆಯ ಮಾತು. ಹಾನ್ಸ್ ಗೋಲ್ಡ್‌ಸ್ಮಿಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ೧೮೯೫ರಲ್ಲಿ ಒಂದು ಕ್ರಮವನ್ನು ಕಂಡುಹಿಡಿದನು. ೧೮೯೯ರಲ್ಲಿ ಎಸೆನ್ ನಗರದ ಟ್ರಾಂ ಕಂಬಿಗಳನ್ನು ಅದರಿಂದ ಬೆಸೆದರು. ಕಬ್ಬಿಣದ ಆಕ್ಸೈಡು, ಅಲ್ಯೂಮಿನಿಯಂ ಪುಡಿ ಇವೆರಡನ್ನೂ ಬೆರೆಸಿ ಕಿಡಿ ಮುಟ್ಟಿಸಿದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ೨,೦೦೦ ಡಿಗ್ರಿಗೂ ಮೀರಿದ ತಾಪದಲ್ಲಿ ಕರಗಿದ ಉಕ್ಕು ಕೆಳಗಿಳಿದು ಕಿಟ್ಟ ಮೇಲೆ ತೇಲುತ್ತದೆ. ಕಂಬಿಗಳ ತುದಿಗಳ ನಡುವೆ ಸುಮಾರು ೨೫ ಮಿಲಿಮೀಟರು ಎಡೆ ಬಿಟ್ಟು, ಸುತ್ತ ಮರಳಿನ ಅಚ್ಚನ್ನು ಕಟ್ಟಿ, ತುದಿಗಳನ್ನು ಚೆನ್ನಾಗಿ ಕಾಯಿಸಿ, ಆ ಉಕ್ಕನ್ನು ಹೊಯ್ಯುತ್ತಾರೆ. ಹಿತ್ತಾಳೆ ಕಂಚುಗಳ ಎರಕಕ್ಕೆ ಹೆಸರಾದ ನಾಗಮಂಗಲದವರಿಗೆ ಅಚ್ಚು, ಎರಕ, ಕಿಟ್ಟ ಇವನ್ನು ನಾವು ವಿವರಿಸಬೇಕಾಗಿಲ್ಲ. ಅಚ್ಚಿನಲ್ಲಿ ತೇವವಿದ್ದರೆ, ಹೊಯ್ಯುವುದು ಒಂದು ಕ್ಷಣ ಹಿಂದುಮುಂದಾದರೆ ಎರಕದೊಳಗೆ ಗುಳ್ಳೆ ನಿಲ್ಲುವುದೆಂಬುದು ಅಲ್ಲಿಯ ಕಸಬುದಾರರಿಗೆ ತಿಳಿದ ಮಾತು. ಕಾರ್ಖಾನೆಯಲ್ಲಿ ವಿದ್ಯುತ್ತಿನಿಂದ ಮಾಡುವ ಬೆಸುಗೆ ಬೇರೆ ಬಗೆಯದು. ಅಲ್ಲಿ ಹೊರಗಿನ ಲೋಹವೇ ಇಲ್ಲ. ತುದಿಗಳನ್ನು ಕಿಡಿಯಿಂದ ಕರಗುವಷ್ಟು ಕಾಯಿಸಿ ಒಂದನ್ನೊಂದು ಒತ್ತಿಬಿಡುತ್ತಾರೆ. ಇದು ಎರಕದ ಬೆಸುಗೆಗಿಂತ ನಂಬಿಕೆಗೆ ಅರ್ಹವಾದದ್ದು. ಹೀಗೆ ೨೬೦ ಮೀಟರಿನ ಕಂಬಿಗಳನ್ನು ಸಿದ್ಧಪಡಿಸಿ ವಿಶೇಷ ಗಾಡಿಯಲ್ಲಿ ತಂದು, ಮಿಕ್ಕ ಕೆಲವು ಸಂದುಗಳನ್ನು ಸ್ಥಳದಲ್ಲಿ ಬೆಸೆಯುವುದು ಇಂದಿನ ಪದ್ಧತಿ. ೧೯೯೦ರ ದಶಕದಲ್ಲಿ ಬ್ರಾಡ್‌ಗೇಜಿಗೆ ತಿರುಗಿದ ಮೈಸೂರು ಮಾರ್ಗ, ೨೦೧೭ರಲ್ಲಿ ಜೋಡಿಮಾರ್ಗವಾಗುವುದಕ್ಕಾಗಿ ಶ್ರೀರಂಗಪಟ್ಟಣದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಬೇಕಾಯಿತು. ಒಂದು ಕಟ್ಟಡವನ್ನು ಬಿಚ್ಚದೆ ಸರಿಸಿದ ಕಾಲವೂ ಕಂಬಿಯನ್ನು ಸರಿಯದಂತೆ ಹಿಡಿದ ಕಾಲವೂ ಒಂದೇ ಎಂಬುದು ನಮಗೆ ಆಗಾಗ ತಮಾಷೆಯಾಗಿ ತೋರುತ್ತದೆ.

ಸಂದು ಹೋಯಿತು, ಕಷ್ಟ ಹೋಯಿತೆ? ಇಲ್ಲ, ಅದು ಮನೆ ಬದಲಾಯಿಸಿತು. ಹಿಂದೆ ಇಪ್ಪತ್ತಮೂರು ಸಾವಿರ ಕಡೆಗಳಲ್ಲಿ ಹಂಚಿಹೋಗಿ ಕಿವಿಗೆ ಕೇಳಿಸುತ್ತಿದ್ದದ್ದು ಈಗ ಕಂಬಿಯೊಳಗೆ ಸದ್ದಿಲ್ಲದೆ ಅಡಗಿದೆ. ಕಂಬಿಯನ್ನು ಯಾವ ತಾಪದಲ್ಲಿ ಬಿಗಿಯಬೇಕು? ೧೫ಕ್ಕೂ ೬೦ಕ್ಕೂ ನಡುವಣ ಮೂವತ್ತೇಳೂವರೆ ಡಿಗ್ರಿಯಲ್ಲಿ ಎಂದು ಯಾರಿಗಾದರೂ ತೋರುತ್ತದೆ. ಆದರೆ ಭಾರವಾದ ಕಂಬಿಗಳನ್ನು ಅದಕ್ಕಿಂತ ಐದರಿಂದ ಹತ್ತು ಡಿಗ್ರಿ ಮೇಲೆ ಬಿಗಿಯುವುದು ನಮ್ಮ ರೈಲ್ವೆಯ ನಿಯಮ. ಇದರಿಂದ ಚಳಿಯ ಬೆಳಗಿನಲ್ಲಿ ಸೆಳೆತ ಹೆಚ್ಚುತ್ತದೆ, ನಡುಹಗಲಿನ ಒತ್ತಡ ಕಡಿಮೆಯಾಗುತ್ತದೆ. ಬೇಕೆಂದೇ ಆರಿಸಿಕೊಂಡ ಪಕ್ಷಪಾತವಿದು. ಸೆಳೆತ ಮೀರಿದರೆ ಬೆಸುಗೆ ಬಿರಿದು ಒಂದೆಡೆ ಸಣ್ಣ ಅಂತರ ಬೀಳುವುದು. ಅದನ್ನು ಕಂಡು ಗಾಡಿಯನ್ನು ನಿಲ್ಲಿಸಲು ಅವಕಾಶವುಂಟು. ಒತ್ತಡ ಮೀರಿದರೆ, ಎರಡು ತುದಿಯಿಂದ ಒತ್ತಿದ ಬಿದಿರುಕಡ್ಡಿಯಂತೆ ಮಾರ್ಗವೇ ಕ್ಷಣಮಾತ್ರದಲ್ಲಿ ಮಗ್ಗುಲಿಗೆ ಬಳುಕುವುದು. ಅಲ್ಲಿಗೆ ಬಂದ ಗಾಡಿಯು ಹಳಿ ತಪ್ಪದೆ ಉಳಿಯುವುದು ಕಷ್ಟ. ಎರಡು ಕೇಡುಗಳಲ್ಲಿ ಕಣ್ಣಿಗೆ ಬೀಳಬಲ್ಲ ಕೇಡನ್ನು ಎಂಜಿನಿಯರು ಆರಿಸಿಕೊಂಡಿದ್ದಾನೆ. ಕಂಬಿಯ ತಾಪವು ಬಿಗಿದ ತಾಪಕ್ಕಿಂತ ಹತ್ತು ಡಿಗ್ರಿ ಮೇಲೇರಿದರೆ ಜಲ್ಲಿಯನ್ನು ಕೆದಕುವ ಕೆಲಸವನ್ನು ನಿಲ್ಲಿಸತಕ್ಕದ್ದೆಂಬ ಕಟ್ಟಳೆಯೂ ಇದೇ ಕಾರಣದಿಂದ ಬಂದದ್ದು. ಜಲ್ಲಿ ತೆಗೆದ ಆ ಹತ್ತು ಮಾರಿನಲ್ಲಿ ಕಂಬಿಯನ್ನು ಹಿಡಿಯುವವರು ಯಾರೂ ಇರುವುದಿಲ್ಲ.

ಆ ಕಣ್ಣಿಗೆ ಬೀಳಬಲ್ಲ ಕೇಡನ್ನು ಕಾಣುವ ಕಣ್ಣು ಯಾರದು? ಶಬ್ದಾತೀತ ತರಂಗಗಳ ಯಂತ್ರದಿಂದ ಬೆಸುಗೆಗಳ ಒಳಗನ್ನು ಪರೀಕ್ಷಿಸುತ್ತಾರೆ, ನಿಜ. ಆದರೆ ಎರಡು ಪರೀಕ್ಷೆಗಳ ನಡುವೆ ದಿನಕ್ಕೊಮ್ಮೆ ತನ್ನ ಪಾಲಿನ ಮಾರ್ಗವನ್ನು ನಡೆದು ನೋಡುವವನು ಕೀಮ್ಯಾನ್. ಹೆಗಲ ಮೇಲೆ ಸುತ್ತಿಗೆ, ಪಾನಾ, ಕೆಂಪು ಬಾವುಟ. ಚಳಿ ಹೆಚ್ಚಿದ ರಾತ್ರಿಗಳಲ್ಲಿ ಬೇರೆ ಕಾವಲುಗಾರರೂ ನಡೆಯುತ್ತಾರೆ. ಬೆಸುಗೆ ಬಿರಿದದ್ದು ಕಂಡರೆ ಮೊದಲು ಬಾವುಟ ನೆಟ್ಟು ಗಾಡಿಯನ್ನು ತಡೆಯುತ್ತಾರೆ. ಆಮೇಲೆ ಆ ಬಿರುಕಿನ ಎರಡು ಮಗ್ಗುಲಿಗೂ ನಡುವೆ ಉಬ್ಬು ಕೊಟ್ಟ ಒಂದೊಂದು ಪಟ್ಟಿಯನ್ನು ಹಚ್ಚಿ ಬಿಗಿಯುತ್ತಾರೆ. ಬೆಸುಗೆಯ ಉಬ್ಬು ಅದರೊಳಗೆ ಕೂರಲೆಂದೇ ಆ ಆಕಾರ. ಆಡಮ್ಸನ ೧೮೪೭ರ ಫಿಶ್‌ಪ್ಲೇಟೇ ಅದು. ಬೆಸುಗೆಯ ಯುಗದಲ್ಲಿ ಕಷ್ಟಕಾಲಕ್ಕೆ ಒದಗುವ ಹಳೆಯ ನಂಟ. ಬಳಿಕ ಗಾಡಿಯನ್ನು ನಿಧಾನವಾಗಿ ದಾಟಿಸುತ್ತಾರೆ. ಒಳಗೆ ಕುಳಿತವರು ಏತಕ್ಕೆ ತಡವಾಯಿತೆಂದು ಗೊಣಗುತ್ತಾರೆ. ನಾವೂ ಗೊಣಗಿದ್ದುಂಟು.

ಸಂದು ಪೂರ್ತಿಯಾಗಿ ಅಳಿದುಹೋಗದ ಸ್ಥಳಗಳು ಎರಡು ಮೂರುಂಟು. ಬೆಸೆದ ಕಂಬಿ ಮುಗಿಯುವ ತುದಿಯಲ್ಲಿ ಉಸಿರಾಟಕ್ಕೆ ಎಡೆ ಬೇಕು. ಉದ್ದವಾದ ಸೇತುವೆಗಳಲ್ಲಿ ಗರ್ಡರುಗಳು ತಾವೇ ಹಿಗ್ಗಿ ಕುಗ್ಗುವುದರಿಂದ ಅಲ್ಲಿಯೂ ಬೇಕಾಗುತ್ತದೆ. ಅಂತಹ ಕಡೆ ಇಡುವುದು, ನಾವು ಹಿಂದೆ ಹೇಳಿದ ಓರೆಸಂದಿನ ಸುಧಾರಿಸಿದ ರೂಪ: ಒಂದರ ಮಗ್ಗುಲಲ್ಲಿ ಒಂದು ಜಾರುವ ಎರಡು ಕಂಬಿಗಳು. ತುದಿಯು ತೆಳುವಾದರೂ ಮಗ್ಗುಲ ಕಂಬಿಯೇ ಅದಕ್ಕೆ ಆಸರೆ. ಇನ್ನೊಂದು ಸ್ಥಳ ನಿಲ್ದಾಣದ ಸಿಗ್ನಲುಗಳ ಹತ್ತಿರ. ಕಂಬಿಗಳಲ್ಲಿ ಅಲ್ಪವಾದ ವಿದ್ಯುತ್ತನ್ನು ಹರಿಸಿ, ಗಾಡಿಯ ಅಚ್ಚು ಅದನ್ನು ಒಂದು ಕಂಬಿಯಿಂದ ಮತ್ತೊಂದಕ್ಕೆ ತಿರುಗಿಸಿದೊಡನೆ ಸಿಗ್ನಲು ಕೆಂಪಾಗುವ ಏರ್ಪಾಡನ್ನು ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಮಾಡಿದನು. ಇದಕ್ಕೆ ಮಾರ್ಗವನ್ನು ವಿದ್ಯುತ್ತಿನ ಮಟ್ಟಿಗೆ ತುಂಡುತುಂಡಾಗಿ ಬೇರ್ಪಡಿಸಬೇಕು, ಬಲದ ಮಟ್ಟಿಗೆ ಒಂದಾಗಿ ಉಳಿಸಬೇಕು. ನಮ್ಮ ಸಂದಿಗೆ ಮೂರನೆಯ ಯಜಮಾನನು ಬಂದಂತಾಯಿತು. ಈ ಮೂವರಿಗೂ ಉತ್ತರವಾಗಿ ಬಂದದ್ದು ಅಂಟಿನ ಸಂದು. ಕಂಬಿಗೂ ಫಿಶ್‌ಪ್ಲೇಟಿಗೂ ನಡುವೆ ಗಾಜಿನ ನೂಲಿನ ಬಟ್ಟೆಯನ್ನಿಟ್ಟು ಎಪಾಕ್ಸಿ ಎಂಬ ರಾಳದಿಂದ ಅಂಟಿಸಿ, ಬೋಲ್ಟುಗಳಿಗೆ ವಿದ್ಯುತ್ತು ಹಾಯದ ಕೊಳವೆಯನ್ನು ತೊಡಿಸಿ ಬಿಗಿಯುತ್ತಾರೆ. ಇಲ್ಲಿ ಬಲವು ನಾಲ್ಕಾರು ತೂತುಗಳ ಅಂಚಿನಲ್ಲಿ ಗುಂಪುಗೂಡದೆ ಪಟ್ಟಿಯ ಉದ್ದಕ್ಕೂ ಹಂಚಿಹೋಗುತ್ತದೆ. ಆದ್ದರಿಂದ ಬೆಸೆದ ಕಂಬಿಯ ಸೆಳೆತವನ್ನು ಅದು ತಾಳುತ್ತದೆ. ನಮ್ಮ ವಿದ್ಯಾರ್ಥಿಗಳ ಕಾಗದಗಳಲ್ಲಿ ಈ ಅಂಟಿನ ಯೋಚನೆ ಮಾತ್ರ ಒಂದರಲ್ಲೂ ಇರಲಿಲ್ಲ. ಉಕ್ಕನ್ನು ಅಂಟಿಸಬಹುದೆಂದು ಬರೆದರೆ ಮೇಷ್ಟ್ರು ನಗುವರೆಂದು ಅಂಜಿದ್ದರೋ ಏನೋ.

ಈಗ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಗಡಿಯಾರ ಹಿಡಿದು ಎಣಿಸುವುದಕ್ಕೆ ಏನೂ ಸಿಕ್ಕುವುದಿಲ್ಲ. ಚಕ್ರದ ಒಂದೇ ಶ್ರುತಿ ಕೇಳುತ್ತಿರುತ್ತದೆ. ನಿಲ್ದಾಣದ ಕವಲುಕಂಬಿಗಳ ಮೇಲೆ ಹಾಯುವಾಗ ನಾಲ್ಕಾರು ಪೆಟ್ಟು ಕೇಳಿಸುವುದು. ಬಯಲಿನಲ್ಲಿ ಎಲ್ಲಾದರೂ ಒಂದೇ ಒಂದು ಪೆಟ್ಟು ಬಿದ್ದರೆ, ಅದು ಅಂಟಿನ ಸಂದಾಗಿರಬಹುದು, ಇಲ್ಲವೆ ತುಸು ತಗ್ಗಿದ ಬೆಸುಗೆಯಾಗಿರಬಹುದು. ಯಾವುದೆಂಬುದನ್ನು ಮರುದಿನ ಬೆಳಗ್ಗೆ ಆ ದಾರಿಯಲ್ಲಿ ನಡೆದು ಬರುವ ಕೀಮ್ಯಾನ್ ಬಗ್ಗಿ ನೋಡಿ ಹೇಳುತ್ತಾನೆ.